ರಸ್ತೆ ಅಗಲವಾಗುವ ಮೊದಲು

ಮನೆಯ ಮುಂದಿನ ರಸ್ತೆ ಅಗಲವಾಗಲಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ನೀವು ಮೊದಲು ಏನನ್ನು ಯೋಚಿಸುತ್ತೀರಿ? ಕಂಪೌಂಡ್ ಎಷ್ಟು ಹೋಗಬಹುದು, ಬಾವಿ ಉಳಿದೀತೇ, ಫಲ ಕೊಡುವ ತೆಂಗಿನ ಮರಕ್ಕೆ ಎಷ್ಟು ಪರಿಹಾರ ಸಿಗಬಹುದು ಎಂದಲ್ಲವೇ? ನಾವೆಲ್ಲರೂ ಹೀಗೆಯೇ. ಆ ರಸ್ತೆ ಹಾದುಹೋಗುವ ಮಣ್ಣಿನ ಕೆಳಗೆ ಏನಿದೆ, ಯಾರಿದ್ದಾರೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಯಿಂದಲೂ ಬರುವುದಿಲ್ಲ.

ನನ್ನ ಉಮ್ಮನ ಬಾಯಿಯಿಂದ ಅದು ಬಂದಿತ್ತು. ಆದರೆ ತಡವಾಗಿ ಬಂತು. ನಾನು ಹುಟ್ಟುವ ಮೊದಲು ಉಮ್ಮನಿಗೊಂದು ಹೆಣ್ಣು ಮಗುವಾಗಿ, ನಲ್ವತ್ತು ದಿನ ತುಂಬುವ ಮುನ್ನವೇ ತೀರಿಕೊಂಡಿತು. ನಮ್ಮ ಊರಿನ ಕೂಡುರಸ್ತೆಯ ಪಕ್ಕದ ಖಬರಸ್ತಾನದ ಮೂಲೆಯಲ್ಲಿ ಅದನ್ನು ದಫನ ಮಾಡಿದರು. ಹೆಂಗಸರು ಒಳಗೆ ಹೋಗುವ ರೂಢಿ ಅಲ್ಲಿರಲಿಲ್ಲ. ಉಪ್ಪ ಗೋಡೆಯ ಹೊರಗೆ ನಿಂತು, "ಅಗೋ, ಆ ಮಾವಿನ ಮರದ ಬುಡದಲ್ಲಿ" ಎಂದು ತೋರಿಸಿದ್ದರಂತೆ. ಉಮ್ಮನಿಗೆ ಗೊತ್ತಿದ್ದ ಗುರುತು ಅದೊಂದೇ. ವರ್ಷಗಳ ನಂತರ ಕೂಡುರಸ್ತೆ ದೊಡ್ಡದಾಯಿತು, ನಡುವೆ ವೃತ್ತ ಬಂತು, ಖಬರಸ್ತಾನದ ಒಂದು ಅಂಚು ಹೋಯಿತು. ಮರ ಕಡಿದರು. ಮೀಸಾನ್ ಕಲ್ಲುಗಳನ್ನು ಕಿತ್ತು ಒಂದು ಕಡೆ ರಾಶಿ ಹಾಕಿದರು. ಸಿಕ್ಕಿದ ಮೂಳೆಗಳನ್ನು ಒಟ್ಟುಗೂಡಿಸಿ ಒಳಗಡೆ ಒಂದೇ ಗುಂಡಿಯಲ್ಲಿ ಮುಚ್ಚಿದರು. ಎಲ್ಲವೂ ಎರಡು ದಿನದಲ್ಲಿ ಮುಗಿಯಿತು. ಅಳತೆ ತೆಗೆದವರಿಲ್ಲ, ಬರೆದಿಟ್ಟವರಿಲ್ಲ. ಆಮೇಲೆ ಉಮ್ಮ ಕೇಳಿದರು: "ನನ್ನ ಮಗು ಈಗ ಎಲ್ಲಿದೆ?" ಉತ್ತರ ಹೇಳಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ. ಬಸ್ಸು ಆ ವೃತ್ತವನ್ನು ಸುತ್ತುವಾಗಲೆಲ್ಲ ಅವರು ಈಗಲೂ ಮೆಲ್ಲಗೆ ಸಲಾಮ್ ಹೇಳುತ್ತಾರೆ. ಯಾವ ಕಡೆಗೆ ಮುಖ ಮಾಡಬೇಕೆಂದು ತಿಳಿಯದೆ ಕಿಟಕಿಯಾಚೆ ಎಲ್ಲ ಕಡೆಗೂ ನೋಡುತ್ತಾರೆ.

ಈ ವಿಷಯ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಆದ್ದರಿಂದಲೇ 2020ರ ಕೊನೆಯಲ್ಲಿ ಸ್ಪೇನ್ ದೇಶದಿಂದ ಬಂದ ಒಂದು ಸುದ್ದಿಯನ್ನು ನಾನು ಮತ್ತೆ ಮತ್ತೆ ಓದಿದೆ. ಅಲ್ಲಿನ ತೌಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ರಸ್ತೆ ಅಗಲಗೊಳಿಸುವಾಗ ನಾನೂರಕ್ಕೂ ಹೆಚ್ಚು ಮುಸ್ಲಿಮ್ ಕಬರ್‌ಗಳು ಸಿಕ್ಕಿದ್ದವು. ಎಲ್ಲವೂ ಸುಮಾರು ಸಾವಿರ ವರ್ಷಕ್ಕಿಂತ ಹಳೆಯವು!

ತೌಸ್ತೆ ಇರುವುದು ಸ್ಪೇನಿನ ಈಶಾನ್ಯದಲ್ಲಿ, ಅರಗಾನ್ ಪ್ರಾಂತ್ಯದಲ್ಲಿ. ಹತ್ತಿರದ ದೊಡ್ಡ ನಗರ ಝರಗೋಝಾ. ಅರಬರು ಅದನ್ನು ಸರಖುಸ್ತ ಎಂದು ಕರೆಯುತ್ತಿದ್ದರು. ಕ್ರಿ.ಶ. 711ರಲ್ಲಿ ತಾರಿಕ್ ಬಿನ್ ಝಿಯಾದ್ ಸ್ಪೇನಿಗೆ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಈ ಪ್ರದೇಶ ಮುಸ್ಲಿಮರ ಆಳ್ವಿಕೆಗೆ ಬಂತು. 1118ರಲ್ಲಿ ಸರಖುಸ್ತ ಅರಗಾನಿನ ದೊರೆ ಒಂದನೆಯ ಅಲ್ಫೋನ್ಸೋನ ಕೈಸೇರಿತು. ಅಂದರೆ ಸುಮಾರು ನಾಲ್ಕು ಶತಮಾನ. ನಂತರವೂ ಅಲ್ಲಿ ಮುಸ್ಲಿಮರು ಉಳಿದಿದ್ದರು. ಕೊನೆಗೆ 1610ರಲ್ಲಿ ಬಲವಂತದಿಂದ ಕ್ರೈಸ್ತರಾದವರ ಸಂತಾನವನ್ನೂ ಅರಗಾನಿನಿಂದ ಹೊರದಬ್ಬಲಾಯಿತು.

ಅಂದಲೂಸ್ ಎಂದರೆ ನಮಗೆ ನೆನಪಾಗುವುದು ಕುರ್ತುಬಾದ ಮಸೀದಿ, ಗ್ರಾನಡಾದ ಅಲ್‌ಹಮ್ರಾ ಅರಮನೆ. ಹಳ್ಳಿ ಪಟ್ಟಣಗಳ ಸಾಮಾನ್ಯ ಜನರ ಬಗ್ಗೆ ನಮಗೇನು ಗೊತ್ತು? ತೌಸ್ತೆಯವರಿಗೂ ಗೊತ್ತಿರಲಿಲ್ಲ. ತಮ್ಮ ಊರಿನಲ್ಲಿ ಹೇಳಿಕೊಳ್ಳುವಷ್ಟು ಮುಸ್ಲಿಮರು ವಾಸವಾಗಿದ್ದರೆಂದು ಅವರು ನಂಬಿರಲೇ ಇಲ್ಲ. ಮನೆ ಕಟ್ಟಲು ಪಾಯ ತೆಗೆಯುವಾಗ ಆಗೊಮ್ಮೆ ಈಗೊಮ್ಮೆ ಮೂಳೆಗಳು ಸಿಗುತ್ತಿದ್ದವು. ಹಿಂದೆ ಯಾವುದೋ ಸಾಂಕ್ರಾಮಿಕ ರೋಗದಲ್ಲಿ ಸತ್ತವರದ್ದಿರಬೇಕು ಎಂದು ಜನ ಸುಮ್ಮನಾಗುತ್ತಿದ್ದರು.

ಆ ಊರಿನ ಎಲ್ ಪಾತಿಯಾಸ್ ಎಂಬ ಸಾಂಸ್ಕೃತಿಕ ಸಂಘದವರಿಗೆ ಮೊದಲು ಸಂಶಯ ಬಂದದ್ದು ಚರ್ಚಿನ ಗೋಪುರ ನೋಡಿ. ಇಟ್ಟಿಗೆಯ ಆ ಎಂಟು ಮೂಲೆಯ ಗೋಪುರದ ಕಟ್ಟಣೆ ಮಿನಾರಿನಂತೆ ಇದೆಯಲ್ಲ, ಇಷ್ಟು ದೊಡ್ಡ ಮಿನಾರು ಇದ್ದಿದ್ದರೆ ನಮಾಝಿಗೆ ಬರುವವರೂ ಇದ್ದಿರಬೇಕಲ್ಲ ಎಂದು ಅವರು ಯೋಚಿಸಿದರು. ಈ ಸಂಘದ ಒತ್ತಾಸೆಯಿಂದ 2010ರಲ್ಲಿ ಪುರಾತತ್ವ ತಜ್ಞರು ಅಲ್ಲಿ ಪರೀಕ್ಷಾರ್ಥವಾಗಿ ಅಗೆದಾಗ ಖಬರಸ್ತಾನ ಪತ್ತೆಯಾಯಿತು. ಸುಮಾರು ಇಪ್ಪತ್ತು ಸಾವಿರ ಚದರ ಮೀಟರ್, ಅಂದರೆ ಐದು ಎಕರೆಯಷ್ಟು ಜಾಗ. ಹತ್ತು ವರ್ಷಗಳ ನಂತರ ರಸ್ತೆ ಅಗಲೀಕರಣ ಬಂದಾಗ ಆ ಮಣ್ಣಿನಲ್ಲಿ ಯಾರಿದ್ದಾರೆಂದು ತಿಳಿದಿತ್ತು. ಯಂತ್ರದ ಜೊತೆಗೆ ಪುರಾತತ್ವ ತಜ್ಞರೂ ಮಾನವಶಾಸ್ತ್ರಜ್ಞರೂ ಇಳಿದರು. ಮಿರಿಯಂ ಪಿನಾ ಪಾರ್ದೋಸ್ ಎಂಬ ಮಹಿಳೆ ಆ ಮಾನವಶಾಸ್ತ್ರೀಯ ಅಧ್ಯಯನದ ಮುಂದಾಳು. ಮಿರಿಯಂ ಎಂದರೆ ನಮ್ಮ ಮರ್ಯಮ್ ತಾನೇ, ಹೆಸರು ಓದಿ ನನಗೇಕೋ ಖುಷಿಯಾಯಿತು.

ಆ ಕಬರ್‌ಗಳು ಮುಸ್ಲಿಮರದ್ದೆಂದು ಹೇಗೆ ತಿಳಿಯಿತು? ಇದಕ್ಕೆ ಉತ್ತರ ಮದ್ರಸಾದಲ್ಲಿ ಜನಾಝದ ಪಾಠ ಕೇಳಿದ ಯಾವ ಹುಡುಗಿಗೂ ಗೊತ್ತು. ಮಯ್ಯಿತನ್ನು ಬಲ ಮಗ್ಗುಲಿಗೆ ಮಲಗಿಸಿ ಮುಖವನ್ನು ಕಿಬ್ಲಾದ ಕಡೆಗೆ ತಿರುಗಿಸಬೇಕು. ನಮ್ಮಲ್ಲಿ ಕಿಬ್ಲಾ ಪಶ್ಚಿಮಕ್ಕಿರುವುದರಿಂದ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ ಇರುತ್ತದೆ. ಸ್ಪೇನಿನಿಂದ ಮಕ್ಕಾ ಇರುವುದು ಆಗ್ನೇಯಕ್ಕೆ. ಅದಕ್ಕೆ ಸರಿಯಾಗಿ ತೌಸ್ತೆಯ ಮಯ್ಯಿತ್‌ಗಳು ಬಲ ಮಗ್ಗುಲಿಗೆ ಮಲಗಿ ಆಗ್ನೇಯಕ್ಕೆ ಮುಖ ಮಾಡಿದ್ದವು. ಕಿರಿದಾದ ಗುಂಡಿ. ಒಳಗೆ ಒಡವೆಯಿಲ್ಲ, ಪಾತ್ರೆಯಿಲ್ಲ, ನಾಣ್ಯವಿಲ್ಲ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಂದೇ ರೀತಿ. ಹೊತ್ತು ಹೋದ ಸಿಪಾಯಿಗಳ ಗುಂಪಲ್ಲ ಅದು, ತಲೆಮಾರುಗಳ ಕಾಲ ಅಲ್ಲೇ ಸಂಸಾರ ಮಾಡಿದ ಒಂದು ಊರು.

ಇನ್ನು ನಮ್ಮಂತಹ ಹೆಂಗಸರಿಗೆ ಇದರಲ್ಲಿ ಬಹಳ ಹತ್ತಿರದ ಮಾತೊಂದಿದೆ. ಮೊದಲ ಉತ್ಖನನಗಳಲ್ಲಿ ಸಿಕ್ಕಿದ 31 ಜನರ ಮೂಳೆ ಮತ್ತು ಹಲ್ಲುಗಳನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಚಿಕ್ಕ ವಯಸ್ಸಿನಲ್ಲಿ ನಾವು ಕುಡಿದ ನೀರಿನ, ಉಂಡ ಅನ್ನದ ಗುರುತು ಹಲ್ಲಿನ ಹೊರಪದರದಲ್ಲಿ ಕೂತುಬಿಡುತ್ತದೆ. ಪ್ರತಿ ಸೀಮೆಯ ಬಂಡೆ, ಮಣ್ಣು, ನೀರು ಬೇರೆ ಬೇರೆಯಾದ್ದರಿಂದ ಹಲ್ಲು ನೋಡಿ ಇವರು ಈ ಊರಿನಲ್ಲೇ ಬೆಳೆದವರೋ ಹೊರಗಿನಿಂದ ಬಂದವರೋ ಎಂದು ಹೇಳಬಹುದು. ಮೂಳೆಯಿಂದ ದೊಡ್ಡವರಾದ ಮೇಲೆ ಏನು ತಿಂದರೆಂದು ತಿಳಿಯುತ್ತದೆ. ಆ 31 ಜನರಲ್ಲಿ ಹೆಚ್ಚಿನವರು ಸ್ಥಳೀಯರೇ. ಐವರು ಮಾತ್ರ ಹೊರಗಿನವರು, ಮೂವರು ಹೆಂಗಸರು ಮತ್ತು ಇಬ್ಬರು ಗಂಡಸರು. ಗಂಡಸರು ಬಿಸಿಲು ಹೆಚ್ಚಿರುವ ಸೀಮೆಯವರು. ಹೆಂಗಸರಲ್ಲಿ ಇಬ್ಬರು ಗುಡ್ಡಗಾಡಿನ ಕಡೆಯಿಂದ ಬಂದವರು.

ಅವರು ಅಲ್ಲಿಗೇಕೆ ಬಂದರೆಂದು ಹಲ್ಲು ಹೇಳುವುದಿಲ್ಲ. ಆದರೆ ತವರು ಬಿಟ್ಟು ಬೇರೆ ಊರಿನ ನೀರು ಕುಡಿದು ಬಾಳಿದ ನಮಗೆ ಊಹಿಸುವುದು ಕಷ್ಟವಲ್ಲ. ಬೆಟ್ಟದ ಊರಿನಿಂದ ಬಯಲಿಗೆ ಮದುವೆಯಾಗಿ ಬಂದು, ಅಲ್ಲೇ ಮಕ್ಕಳನ್ನು ಹೆತ್ತು, ಅಲ್ಲೇ ಮಣ್ಣಾದ ಹೆಣ್ಣುಮಗಳು ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ನನ್ನ ಕಲ್ಪನೆ ತಪ್ಪಿರಬಹುದು. ಆದರೂ ಚರಿತ್ರೆಯ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬಳು ಹೆಂಗಸು ಬಾಲ್ಯವನ್ನು ಎಲ್ಲಿ ಕಳೆದಳೆಂಬುದು ಸಾವಿರ ವರ್ಷಗಳ ನಂತರ ತಿಳಿಯುವುದು ಸಣ್ಣ ಮಾತೇ?

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಆ ಊರಿನ ವಯಸ್ಕ ಗಂಡಸರು ಹೆಂಗಸರಿಗಿಂತಲೂ ಎಳೆಯ ಹುಡುಗರಿಗಿಂತಲೂ ಹೆಚ್ಚು ಮಾಂಸಾಹಾರ ತಿಂದಿದ್ದರು. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಆವಾಗಲೂ ಹಾಗೆಯೇನಾ?" ಎಂದಳು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತಾಗ ಮಾತ್ರ ನಗು ಬರಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವವಳ ಲೆಕ್ಕ ಅವಳ ಮೂಳೆಯಲ್ಲಿ ಬರೆದಿಡಲ್ಪಡುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ರಸ್ತೆ ಮಾಡುವ ಮೊದಲು ಮಣ್ಣನ್ನು ಪರೀಕ್ಷಿಸುವುದು ಹೇಗೆ ಎಂದು ನೀವು ಕೇಳಬಹುದು. ಇಡೀ ದಾರಿಯನ್ನೇ ಅಗೆದು ನೋಡುತ್ತಾರೆಂದು ಭಾವಿಸಬೇಡಿ. ಮೊದಲ ಕೆಲಸ ಮೇಜಿನ ಮೇಲೆ. ಹಳೆಯ ನಕ್ಷೆ, ಕಂದಾಯದ ದಾಖಲೆ, ವಿಮಾನದಿಂದ ತೆಗೆದ ಚಿತ್ರಗಳನ್ನು ಹರಡಿ, ಯೋಜಿತ ರಸ್ತೆಯ ಗೆರೆಯ ಪಕ್ಕದಲ್ಲಿ ಏನೇನಿತ್ತೆಂದು ಹುಡುಕುತ್ತಾರೆ. ಆಮೇಲೆ ಹೊಲಗಳಲ್ಲಿ ಸಾಲಾಗಿ ನಡೆದು ಮಡಕೆ ಚೂರು, ಇಟ್ಟಿಗೆ ತುಂಡು ಮೇಲೆದ್ದಿವೆಯೇ ಎಂದು ನೋಡುತ್ತಾರೆ. ಮಣ್ಣಿನ ಕಾಂತೀಯ ಗುಣವನ್ನು ಅಳೆಯುವ ಉಪಕರಣ, ನೆಲದೊಳಕ್ಕೆ ಅಲೆ ಕಳುಹಿಸುವ ರಾಡಾರ್ ಇವೆಲ್ಲ ನಂತರ ಬರುತ್ತವೆ. ಸಂಶಯ ಬಂದಲ್ಲಿ ಮಾತ್ರ ಅಲ್ಲಲ್ಲಿ ಉದ್ದನೆಯ ಪರೀಕ್ಷಾ ಕಂದಕ ತೆಗೆಯುತ್ತಾರೆ. ಇದಕ್ಕೂ ಯಂತ್ರವನ್ನೇ ಬಳಸುತ್ತಾರೆ, ಆದರೆ ಹಲ್ಲಿಲ್ಲದ ಬಕೆಟ್ ಹಾಕಿ, ಪಕ್ಕದಲ್ಲಿ ತಜ್ಞರು ನಿಂತು, ಪದರ ಪದರವಾಗಿ ಮೇಲ್ಮಣ್ಣನ್ನು ಸರಿಸುತ್ತಾರೆ.

ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ಶತಮಾನ ಕಳೆದರೂ ಸುತ್ತಲಿನ ಮಣ್ಣಿನೊಂದಿಗೆ ಪೂರ್ತಿ ಬೆರೆಯುವುದಿಲ್ಲ. ಹಳೆ ಮನೆಯಲ್ಲಿ ಒಂದು ಬಾಗಿಲನ್ನು ಮುಚ್ಚಿ ಗಾರೆ ಮೆತ್ತಿ ಸುಣ್ಣ ಬಳಿದಿದ್ದರೂ ಮಳೆಗಾಲದಲ್ಲಿ ಗೋಡೆ ತೇವಗೊಂಡಾಗ ಆ ಬಾಗಿಲಿನ ಗೆರೆ ಮೇಲೆದ್ದು ಬರುವುದನ್ನು ನೀವು ನೋಡಿರುತ್ತೀರಿ. ನೆಲದಲ್ಲಿ ಕಬರ್ ಕಾಣಿಸುವುದು ಹೆಚ್ಚುಕಡಿಮೆ ಹಾಗೆಯೇ.

ಯುರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ವ್ಯಾಲೆಟ್ಟಾದಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ದೊಡ್ಡ ಕಾಮಗಾರಿಗಳ ಯೋಜನೆಯ ಹಂತದಲ್ಲಿಯೇ ಪುರಾತತ್ವವನ್ನು ಸೇರಿಸಿಕೊಳ್ಳಬೇಕು, ಅದರ ಖರ್ಚು ಆ ಯೋಜನೆಯ ಲೆಕ್ಕದಲ್ಲೇ ಬರಬೇಕು. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ಮತ್ತು ಹಂಟಿಂಗ್ಡನ್ ನಡುವಿನ ಎ14 ಹೆದ್ದಾರಿಯನ್ನು ಸುಧಾರಿಸುವಾಗ ಇನ್ನೂರಕ್ಕೂ ಹೆಚ್ಚು ಪುರಾತತ್ವ ತಜ್ಞರು ದುಡಿದರು. ರೋಮನ್ನರ ಕಾಲದ ಮಡಕೆ ಸುಡುವ ಗೂಡುಗಳು, ಜನ ಬಿಟ್ಟುಹೋದ ಮಧ್ಯಯುಗದ ಒಂದು ಹಳ್ಳಿ, ಇನ್ನೂ ಏನೇನೋ ಸಿಕ್ಕವು. ಹಾಗೆಂದು ರಸ್ತೆ ನಿಲ್ಲಲಿಲ್ಲ, 2020ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಸಮೀಕ್ಷೆ ಎಂದರೆ ಅಭಿವೃದ್ಧಿಗೆ ಅಡ್ಡಗಾಲು ಎನ್ನುವವರಿಗೆ ಈ ಮಾತನ್ನು ತಿಳಿಸಿ.

ಫ್ರಾನ್ಸ್ 2001ರಲ್ಲಿ ಇದಕ್ಕೆಂದೇ ಕಾನೂನು ಮಾಡಿ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯನ್ನೂ ಸ್ಥಾಪಿಸಿತು. ಆ ಸಂಸ್ಥೆಯವರು 2006-07ರಲ್ಲಿ ದಕ್ಷಿಣ ಫ್ರಾನ್ಸಿನ ನೀಮ್ ನಗರದಲ್ಲಿ, ನೆಲದಡಿಯ ವಾಹನ ನಿಲ್ದಾಣ ಮಾಡುವ ಮುನ್ನ ಅಗೆದಾಗ, ಉಳಿದವುಗಳಿಗಿಂತ ಭಿನ್ನವಾದ ಮೂರು ಕಬರ್‌ಗಳು ಸಿಕ್ಕವು. ಬಲ ಮಗ್ಗುಲು, ಮಕ್ಕಾದ ಕಡೆಗೆ ಮುಖ. ಅಷ್ಟೇ ಅಲ್ಲ, ಗುಂಡಿಯ ಪಕ್ಕಕ್ಕೆ ಗೂಡಿನಂತೆ ಕೊರೆದು ಅದರೊಳಗೆ ಮಲಗಿಸಿದ ಗುರುತಿತ್ತು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಲಹ್ದ್! ಗಟ್ಟಿ ಮಣ್ಣಿದ್ದರೆ ಕಿಬ್ಲಾದ ಬದಿಗೆ ಗೂಡು ತೆಗೆಯುವುದು ಲಹ್ದ್, ಸಡಿಲ ಮಣ್ಣಿದ್ದರೆ ಗುಂಡಿಯ ನಡುವೆ ತೋಡುವುದು ಶಖ್ಖ್ ಎಂದು ಫಿಕ್ಹ್ ತರಗತಿಯಲ್ಲಿ ಉಸ್ತಾದರು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದರು. ಪ್ರವಾದಿಯವರ(ಸ) ಕಬರ್ ಕೂಡ ಲಹ್ದ್ ರೀತಿಯದ್ದು. ಮೂವರೂ ಗಂಡಸರು. ಏಳರಿಂದ ಒಂಬತ್ತನೆಯ ಶತಮಾನದೊಳಗಿನವರೆಂದು ಕಾಲನಿರ್ಣಯವಾಯಿತು. ಡಿಎನ್‌ಎ ಪರೀಕ್ಷೆಯಲ್ಲಿ ಅವರ ತಂದೆಯ ಕಡೆಯ ಮೂಲ ಉತ್ತರ ಆಫ್ರಿಕಾದ್ದೆಂದು ಕಂಡುಬಂತು. ಉಮವಿಗಳ ಸೈನ್ಯದಲ್ಲಿದ್ದ ಬರ್ಬರ್ ಮುಸ್ಲಿಮರಿರಬಹುದೆಂದು 2016ರಲ್ಲಿ ಸಂಶೋಧಕರು ಬರೆದರು. ಫ್ರಾನ್ಸಿನಲ್ಲಿ ಇಸ್ಲಾಮ್ ನಿನ್ನೆ ಮೊನ್ನೆ ಬಂದದ್ದೆಂದು ವಾದಿಸುವವರ ಕಾಲ ಕೆಳಗೇ ಆ ಮೂವರು ಸಾವಿರದ ಇನ್ನೂರು ವರ್ಷಗಳಿಂದ ಮಲಗಿದ್ದರು.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಮನಸ್ಸು ಕಸಿವಿಸಿಯಾಗುತ್ತಿರಬಹುದು. ಕಬರ್ ತೆರೆಯುವುದು ಸರಿಯೇ? ಸತ್ತವರ ಮೂಳೆ ಮುರಿಯುವುದು ಬದುಕಿರುವವರ ಮೂಳೆ ಮುರಿದಷ್ಟೇ ಪಾಪ ಎಂಬ ಅರ್ಥದ ಹದೀಸ್ ನಮಗೆ ಗೊತ್ತು. ಸಂಶೋಧನೆಗೆಂದೇ ಮಲಗಿದವರನ್ನು ಎಬ್ಬಿಸುವುದನ್ನು ನಾನು ಒಪ್ಪಲಾರೆ. ಪೆಟ್ಟಿಗೆಗಳಲ್ಲಿ ಸಂಖ್ಯೆ ಹಚ್ಚಿ ಕಪಾಟಿನಲ್ಲಿಟ್ಟ ಮೂಳೆಗಳ ಬಗ್ಗೆ ಓದುವಾಗ, ಇವರನ್ನು ಮತ್ತೆ ಮಣ್ಣಿಗೆ ಒಪ್ಪಿಸಬಾರದೇ ಎಂದು ನನಗೂ ಅನ್ನಿಸಿದೆ. ಆದರೆ ರಸ್ತೆ ಬರುವುದು ಖಚಿತವಾದ ಮೇಲೆ ಉಳಿಯುವ ಆಯ್ಕೆ ಎರಡೇ. ಒಂದೋ ಕುಂಚ ಹಿಡಿದು, ಮುಖ ಯಾವ ಕಡೆಗಿತ್ತೆಂದು ಬರೆದಿಟ್ಟು ಎತ್ತುವ ಕೈ. ಇಲ್ಲವೇ ಜೆಸಿಬಿಯ ಹಲ್ಲು. ಮೊದಲೇ ನೋಡಿದರೆ ಇನ್ನೊಂದು ದಾರಿಯೂ ತೆರೆದುಕೊಳ್ಳಬಹುದು, ರಸ್ತೆಯನ್ನೇ ನಾಲ್ಕು ಮಾರು ಆಚೆಗೆ ಸರಿಸುವ ದಾರಿ.

ನೋಡಿದ ಮಾತ್ರಕ್ಕೆ ಎಲ್ಲವೂ ಉಳಿಯುತ್ತದೆಂದೂ ಇಲ್ಲ. ಸ್ಪೇನಿನದ್ದೇ ಪಾಂಪ್ಲೋನಾ ನಗರದ ಮುಖ್ಯ ಚೌಕದ ಕೆಳಗೆ ವಾಹನ ನಿಲ್ದಾಣಕ್ಕೆಂದು 2001ರಲ್ಲಿ ಅಗೆಯತೊಡಗಿದಾಗ ಎಂಟನೆಯ ಶತಮಾನದ ಸುಮಾರು 190 ಮುಸ್ಲಿಮ್ ಕಬರ್‌ಗಳೂ ರೋಮನ್ ಸ್ನಾನಗೃಹವೂ ಹೊರಬಂದವು. ಊರಿನ ಜನ ಪ್ರತಿಭಟಿಸಿದರು. ಆದರೂ ವಾಹನ ನಿಲ್ದಾಣ ಆಗಿಯೇ ಆಯಿತು. ಮಲಗಿದ್ದವರ ಬಗ್ಗೆ ವರದಿಗಳು ಉಳಿದಿವೆ, ಜಾಗ ಉಳಿದಿಲ್ಲ.

ನಮ್ಮ ದೇಶದ ಕಡೆಗೆ ಬರೋಣ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ, ಕೇಂದ್ರ ಸರಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ಅನುಮತಿ ಬೇಕು. ಕರ್ನಾಟಕಕ್ಕೆ 1961ರ ತನ್ನದೇ ಕಾಯ್ದೆಯೂ ಇದೆ. ಇವು ಒಳ್ಳೆಯ ಕಾನೂನುಗಳೇ. ಆದರೆ ಇವು ಕಾಯುವುದು ಪಟ್ಟಿಯಲ್ಲಿ ಹೆಸರಿರುವ ಗೋಲ ಗುಂಬಜದಂತಹ ಸ್ಮಾರಕಗಳನ್ನು. ಊರ ಕೂಡುರಸ್ತೆಯ ಪಕ್ಕದ, ಹೆಸರಿಲ್ಲದ ಕಬರ್‌ಗಳನ್ನು, ಹಳೆಯ ಬಾವಿಯನ್ನು, ಮಣ್ಣಲ್ಲಿ ಹೂತ ಶಾಸನವನ್ನು ರಸ್ತೆ ಕೆಲಸಕ್ಕೆ ಮೊದಲು ಹುಡುಕಿ ನೋಡುವವರು ಯಾರು? 1878ರ ನಿಧಿ ಕಾಯ್ದೆಯೊಂದಿದೆ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ. ಅದೂ ಸಿಕ್ಕಿದ ಮೇಲಿನ ಮಾತು. ಮಗುವಿನ ಮೂಳೆಗೆ ಬೆಲೆ ಕಟ್ಟುವವರೂ ಇಲ್ಲ.

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ 2012ರಲ್ಲಿ ಮೆಟ್ರೋ ಕಾಮಗಾರಿಗಾಗಿ ಅಗೆಯುವಾಗ ಟಿಪ್ಪು ಕಾಲದ್ದೆನ್ನಲಾದ ಫಿರಂಗಿಗಳು ಸಿಕ್ಕಿದ್ದು ನೆನಪಿರಬಹುದು. ಟನ್‌ಗಟ್ಟಲೆ ತೂಕದ ಕಬ್ಬಿಣವಾದ್ದರಿಂದ ಯಂತ್ರಕ್ಕೆ ತಡೆಯೊಡ್ಡಿತು, ಕಣ್ಣಿಗೆ ಬಿತ್ತು. ಮೂಳೆ, ಮಡಕೆ, ಮಣ್ಣಿನ ಬಣ್ಣ ಹಾಗೆ ತಡೆಯೊಡ್ಡುವುದಿಲ್ಲ. ಹಾಗೆಂದು ಮನಸ್ಸು ಮಾಡಿದರೆ ನಮ್ಮಲ್ಲಿ ಆಗದು ಎಂದೇನಿಲ್ಲ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು ಕೆಡವದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಇಡೀ ಕಟ್ಟಡವನ್ನೇ ಸರಿಸಬಲ್ಲವರಿಗೆ ಒಂದು ಕಬರ್ ಸಾಲಿನ ನಕ್ಷೆ ಬರೆಯುವುದು ಕಷ್ಟವೇ?

ನಮ್ಮ ಜಮಾಅತಿನ ದಾಖಲೆಯಲ್ಲಿ ಖಬರಸ್ತಾನ ಎಷ್ಟು ಎಕರೆ, ಎಷ್ಟು ಸೆಂಟ್ಸ್ ಎಂದು ಬರೆದಿದೆ. ಒಳಗೆ ಯಾರು ಎಲ್ಲಿದ್ದಾರೆಂದು ಬರೆದಿಲ್ಲ. ಆ ಲೆಕ್ಕ ಇರುವುದು ಮುದುಕಿಯರ ತಲೆಯಲ್ಲಿ. ಇಂಥ ಮರದ ಬುಡದಲ್ಲಿ ಮಾವ, ಗೇಟಿನಿಂದ ಮೂರನೆಯದು ದೊಡ್ಡಮ್ಮ, ಗೋಡೆಯ ಒತ್ತಿಗೆ ಹೆರಿಗೆಯಲ್ಲಿ ಹೋದ ಸೊಸೆ. ಗೋಡೆಯಾಚೆಗೆ ನಿಂತು ನೋಡಿಯೇ ಅವರು ಇದನ್ನೆಲ್ಲ ನೆನಪಿಟ್ಟುಕೊಂಡವರು. ಕಮಿಟಿಯ ಸಭೆಗೆ ಅವರನ್ನು ಯಾರೂ ಕರೆದವರಿಲ್ಲ.

ಎರಡು ವರ್ಷಗಳ ಹಿಂದೆ ಆ ಕೂಡುರಸ್ತೆ ಮತ್ತೊಮ್ಮೆ ಅಗಲವಾಗಲಿದೆ ಎಂಬ ಮಾತು ಎದ್ದಿತು. ಈ ಸಲ ನಾನು ಕಾಯಲಿಲ್ಲ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯರು ರಜೆಯಲ್ಲಿ ತಮ್ಮ ತಮ್ಮ ಅಜ್ಜಿಯರನ್ನು ಕೂರಿಸಿಕೊಂಡು ಹೇಳಿದ್ದನ್ನೆಲ್ಲ ಬರೆದು ತಂದರು. ಜಮಾಅತಿನ ಅಧ್ಯಕ್ಷರ ಅನುಮತಿ ಪಡೆದು, ನನ್ನ ತಮ್ಮನೂ ಅವನ ಇಬ್ಬರು ಗೆಳೆಯರೂ ಅಳತೆ ಟೇಪು ಹಿಡಿದು ಒಳಗೆ ಹೋದರು. ಗೋಡೆಯಿಂದ ಎಷ್ಟು ಅಡಿ, ಬಾವಿಯಿಂದ ಎಷ್ಟು ಅಡಿ ಎಂದು ಅವರು ಕೂಗಿ ಹೇಳಿದ್ದನ್ನು ಹುಡುಗಿಯರು ಹೊರಗೆ ನಿಂತು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದರು. ಮೂರು ಭಾನುವಾರ ಬೇಕಾಯಿತು. 140 ಕಬರ್‌ಗಳಿಗೆ ಹೆಸರು ಸಿಕ್ಕಿತು. ಉಳಿದವಕ್ಕೆ ಬರೀ ಚುಕ್ಕೆ. ಒಂದು ಪ್ರತಿ ಮಸೀದಿಯ ಕಪಾಟಿನಲ್ಲಿದೆ, ಒಂದನ್ನು ಅರ್ಜಿಯ ಜೊತೆ ರಸ್ತೆಯ ಕೆಲಸ ನೋಡುವ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ನಕ್ಷೆ ಪೂರ್ತಿಯಾದ ದಿನ ಅದನ್ನು ಮನೆಗೆ ತಂದು ಉಮ್ಮನ ಮುಂದೆ ಹಾಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಗೋಡೆಯ ಗೆರೆಯ ಹೊರಗೆ, ಈಗ ರಸ್ತೆಯಾಗಿರುವ ಖಾಲಿ ಜಾಗದಲ್ಲಿ ಬೆರಳಿಟ್ಟು, "ಮರ ಇಲ್ಲಿತ್ತು, ಇಲ್ಲೊಂದು ಚುಕ್ಕೆ ಹಾಕು" ಎಂದರು. ಹಾಕಿದೆ.